ಜನ ಹಳೆ ಬ್ರೌಸರನ್ನೇ ಯಾಕೆ ಹಿಡಿದುಕೊಂಡಿದ್ದಾರೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಸಾಗರದ ಹತ್ತಿರದಿಂದ

ವೆಬ್‌ಸೈಟ್ ಕಟ್ಟುವುದು ನನ್ನ ಕೆಲಸ. ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುತ್ತೇನೆ. ಈ ಸಲ ನಮ್ಮ ಕಡೆಯ ಒಂದು ಸಣ್ಣ ಸಹಕಾರ ಸಂಘಕ್ಕೂ ಒಂದು ಪುಟ ಮಾಡಿಕೊಟ್ಟೆ. ಸದಸ್ಯರು ಮನೆಯಿಂದಲೇ ಅಡಿಕೆ ಧಾರಣೆ, ತಮ್ಮ ಸಾಲದ ಬಾಕಿ ನೋಡಿಕೊಳ್ಳಲಿ ಅಂತ. ಮೊದಲ ವಾರವೇ ಫೋನ್ ಶುರುವಾಯಿತು. "ಬರೀ ಬಿಳಿ ಹಾಳೆ ಬರ್ತಿದೆ, ಏನೂ ಕಾಣಲ್ಲ." ನಾಲ್ಕೈದು ಮನೆಗೆ ಹೋಗಿ ನೋಡಿದೆ. ಎರಡು ಮನೆಯಲ್ಲಿ ವಿಂಡೋಸ್ 7, ಅದರಲ್ಲಿ ಕ್ರೋಮ್ ಬ್ರೌಸರಿನ 109ನೇ ಆವೃತ್ತಿ. ಒಬ್ಬರ ಫೋನಿನಲ್ಲಿ ಕ್ರೋಮ್ ಕೊಂಡ ದಿನ ಹೇಗಿತ್ತೋ ಹಾಗೇ ಇದೆ. ನಮ್ಮ ಅಪ್ಪಯ್ಯನ ಕಂಪ್ಯೂಟರಿನದೂ ಅದೇ ಕಥೆ. ಹೇಳಿದರೆ "ನಡೀತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟಬೇಕು" ಅನ್ನುತ್ತಾರೆ. ಹಳೆ ಬ್ರೌಸರಲ್ಲಿ ಬ್ಯಾಂಕಿನ ಕೆಲಸ ಮಾಡುವುದು ನೋಡಿದರೆ ನನಗೆ ಭಯವಾಗುತ್ತದೆ. ಅದನ್ನು ಹೇಳುವುದು ಹೇಗೆ ಅಂತ ತಿಳಿಯುತ್ತಿಲ್ಲ. ನಿಮ್ಮ ಮನೆ, ಅಂಗಡಿ, ಕಚೇರಿಯಲ್ಲಿ ಏನಾಗಿದೆ? ಯಾವ ಮಾತು ಅವರಿಗೆ ನಾಟಿತು?

ಶಿವಮೊಗ್ಗ, ಕಂಪ್ಯೂಟರ್ ರಿಪೇರಿ ಅಂಗಡಿಯಿಂದ

ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಮಾತು. ಇವರು ಸೋಮಾರಿಗಳು, ತಿಳಿವಳಿಕೆ ಇಲ್ಲದವರು ಅಂತ ಮನಸ್ಸಿನಲ್ಲಿದ್ದರೆ ಅದನ್ನು ತೆಗೆದು ಹಾಕಿ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರಿಗೆ ಹೊಸ ಬ್ರೌಸರ್ ಬೇಡ ಅಂತೇನಿಲ್ಲ. ಅವರ ಮಶೀನಿಗೆ ಅದು ಹತ್ತುವುದೇ ಇಲ್ಲ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ ಇನ್ನೂ ಮೂರು ವರ್ಷ ಜೊತೆಗಿತ್ತು. 2023ರ ಜನವರಿಯಲ್ಲಿ ಬಂದ 109 ವಿಂಡೋಸ್ 7ರಲ್ಲಿ ಓಡುವ ಕೊನೆ ಆವೃತ್ತಿ. 110ರಿಂದ ವಿಂಡೋಸ್ 10 ಬೇಕು. ನೀವು ಆ ಎರಡು ಮನೆಯಲ್ಲಿ 109 ನೋಡಿದ್ದು ಇದಕ್ಕೇ. ಅವರು ಅಪ್‌ಡೇಟ್ ತಡೆದಿಲ್ಲ, ದಾರಿಯೇ ಅಲ್ಲಿಗೆ ಮುಗಿದಿದೆ. ವಿಂಡೋಸ್ 10 ಹಾಕಿಕೊಂಡವರೂ ಈಗ ಅದೇ ದಾರಿಯಲ್ಲಿದ್ದಾರೆ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಮಗಳ ಓದಿಗೆ ಅಂತ ಹತ್ತು ವರ್ಷದ ಹಿಂದೆ ತಂದ ಡೆಸ್ಕ್‌ಟಾಪಿನಲ್ಲಿ ಅದೆಲ್ಲಿಂದ ಬರಬೇಕು? ಮಗಳ ಓದು ಮುಗಿದು ಮದುವೆಯೂ ಆಯಿತು. ಮಶೀನು ಮಾತ್ರ ಇನ್ನೂ ಚೆನ್ನಾಗಿ ಓಡುತ್ತಿದೆ. ಓಡುತ್ತಿರುವುದನ್ನು ಗುಜರಿಗೆ ಹಾಕಿ ಅಂತ ನಾನು ಹೇಳುವುದಿಲ್ಲ.

ಒಂದು ಘಟನೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು. ಹೋದ ಮಳೆಗಾಲದಲ್ಲಿ ಆಗುಂಬೆ ಕಡೆಯವರೊಬ್ಬರು ಸಿಪಿಯು ಹೊತ್ತು ತಂದರು. "ಮಗ ಬಂದಾಗ ಬ್ರೌಸರ್ ಹೊಸದು ಮಾಡಿ ಹೋದ, ಅವತ್ತಿಂದ ಒಂದು ಸೈಟೂ ತೆರೆಯಲ್ಲ. ಹಳೇದೇ ಹಾಕಿಕೊಡಿ" ಅಂದರು. ನೋಡಿದರೆ ಕಂಪ್ಯೂಟರಿನ ತಾರೀಖು 2009ರಲ್ಲಿ ನಿಂತಿದೆ. ನಮ್ಮ ಕಡೆ ಸಿಡಿಲಿಗೆ ಹೆದರಿ ಎಲ್ಲರೂ ಪ್ಲಗ್ ಕಿತ್ತಿಡುತ್ತೇವೆ, ಅಲ್ವಾ? ಮದರ್‌ಬೋರ್ಡಿನ ಬಟನ್ ಸೆಲ್ ಹೋಗಿದ್ದರೆ ಪ್ಲಗ್ ಕಿತ್ತಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಸೈಟು ಅಸಲಿ ಅಂತ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಅಂತ ಇರುತ್ತದೆ. ಇವತ್ತು 2009 ಅಂತ ಕಂಪ್ಯೂಟರ್ ನಂಬಿದರೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಲೆಕ್ಕ. ಬ್ರೌಸರ್ ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ. ಐವತ್ತು ರೂಪಾಯಿಯ ಸೆಲ್ ಹಾಕಿದೆ, ತಾರೀಖು ಸರಿ ಮಾಡಿದೆ, ಎಲ್ಲ ತೆರೆಯಿತು. ಆದರೆ ಅವರ ಮನಸ್ಸಿನಲ್ಲಿ "ಅಪ್‌ಡೇಟ್ ಮಾಡಿದ್ದಕ್ಕೇ ಕೆಟ್ಟಿತು" ಅನ್ನುವುದು ಆಗಲೇ ಗಟ್ಟಿಯಾಗಿತ್ತು. ಸೆಲ್ಲನ್ನು ಅವರ ಕೈಯಲ್ಲಿಟ್ಟು ತೋರಿಸಿದ ಮೇಲೆ ಒಪ್ಪಿದರು.

ವಿಂಡೋಸ್ 7ರಲ್ಲೇ ಉಳಿಯಬೇಕಾದವರಿಗೆ ನಾನು ಇಷ್ಟು ದಿನ ಫೈರ್‌ಫಾಕ್ಸ್ 115ರ ಇಎಸ್‌ಆರ್ ಅನ್ನುವ, ಹೆಚ್ಚು ದಿನ ಬೆಂಬಲ ಸಿಗುವ ಆವೃತ್ತಿ ಹಾಕಿಕೊಟ್ಟಿದ್ದೇನೆ. ಇಂಥ ಹಳೆ ಮಶೀನುಗಳಿಗಾಗಿಯೇ ಅದನ್ನು ಮಾಡುವ ಮೊಜಿಲ್ಲಾ ಸಂಸ್ಥೆ ಬೆಂಬಲದ ಗಡುವನ್ನು ಹಲವು ಸಲ ಮುಂದೂಡಿತು. ಫೈರ್‌ಫಾಕ್ಸಿನಲ್ಲಿ ನಂಬುವ ಪ್ರಮಾಣಪತ್ರಗಳ ಪಟ್ಟಿ ಅದರದ್ದೇ ಇರುತ್ತದೆ, ವಿಂಡೋಸನ್ನು ಕೇಳುವುದಿಲ್ಲ. 2021ರ ಸೆಪ್ಟೆಂಬರ್ 30ಕ್ಕೆ ಒಂದು ಹಳೆ ಮೂಲ ಪ್ರಮಾಣಪತ್ರದ (ಎಷ್ಟೋ ಸೈಟುಗಳ ಪ್ರಮಾಣಪತ್ರಕ್ಕೆ ಆಧಾರವಾಗಿದ್ದದ್ದು) ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಹಳೆ ಮಶೀನುಗಳಲ್ಲಿ ಎಷ್ಟೋ ಸೈಟು ತೆರೆಯಲಿಲ್ಲ. ಫೈರ್‌ಫಾಕ್ಸ್ ಇದ್ದ ಕಡೆ ತೆರೆದವು. ಆದರೂ ಇದೆಲ್ಲ ಸ್ವಲ್ಪ ದಿನದ ಆಸರೆ. ಮಶೀನು 64 ಬಿಟ್ ಆಗಿದ್ದರೆ ರ‍್ಯಾಮ್ 4 ಜಿಬಿ ಮಾಡಿ, ಒಂದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಕೊಡುತ್ತೇನೆ. ಬ್ರೌಸರ್ ಹೊಸದಾಗಿಯೇ ಇರುತ್ತದೆ. ಆಗ ಬರುವ ತಕರಾರು ಒಂದೇ: "ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಪತ್ರಗಳ ಗತಿ ಏನು?" ಇದು ಸರಿಯಾದ ಪ್ರಶ್ನೆ. ಆ ಕಡತಗಳನ್ನು ಮೊದಲು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಕೊಡಬೇಕು. ಆ ಕೆಲಸ ಮಾಡದೆ ಮಶೀನು ಮುಟ್ಟಬೇಡಿ.

ತೀರ್ಥಹಳ್ಳಿ ಕಡೆಯಿಂದ, ನಿವೃತ್ತ ಶಿಕ್ಷಕ

ನೀವೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದೀರೋ ಅವನು ನಾನೇ. ಹಾಗಾಗಿ ನನ್ನ ಕಡೆಯದನ್ನೂ ಕೇಳಿ.

ನನಗೆ ಕಂಪ್ಯೂಟರ್ ಹೊಸದಲ್ಲ. 2000ದ ಆಚೀಚೆ ಕನ್ನಡದ ಎಷ್ಟೋ ಸೈಟುಗಳು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತಿದ್ದವು. ಒಂದೊಂದು ಸೈಟಿಗೆ ಒಂದೊಂದು ಫಾಂಟ್. ಬೇರೆ ಬ್ರೌಸರಿನಲ್ಲಿ ತೆರೆದರೆ ಅಕ್ಷರವೆಲ್ಲ ಇಂಗ್ಲಿಷ್ ಚಿಹ್ನೆಗಳ ರಾಶಿ. ಕನ್ನಡ ಓದಬೇಕೆಂದರೆ ಇದನ್ನು ಬಿಡಬಾರದು ಅಂತ ನಾವು ಆಗ ಕಲಿತೆವು. ಯೂನಿಕೋಡ್ ಬಂದ ಮೇಲೆ ಆ ಕಷ್ಟ ಹೋಯಿತು. ಅಭ್ಯಾಸ ಹೋಗಲಿಲ್ಲ.

ಈಗಿನದು ಬೇರೆ ಕಾರಣ. ಮಗ ಬೆಂಗಳೂರಿನಲ್ಲಿದ್ದಾನೆ. ಬಂದಾಗ ಎಲ್ಲ ಸರಿ ಮಾಡಿಟ್ಟು, "ಅಪ್ಪಯ್ಯ, ಏನೇ ಕೇಳಿದರೂ ಒತ್ತಬೇಡಿ. ಹೌದು ಅಂತ ಬಂದರೂ ಬೇಡ, ಇನ್‌ಸ್ಟಾಲ್ ಅಂತ ಬಂದರೂ ಬೇಡ" ಅಂತ ಹೇಳಿ ಹೋಗುತ್ತಾನೆ. ನಾನು ಒತ್ತುವುದಿಲ್ಲ. ನಮ್ಮ ಪರಿಚಯದವರೊಬ್ಬರು ವಾಟ್ಸಾಪಿನಲ್ಲಿ ಬಂದ ದಂಡದ ನೋಟಿಸ್ ಅಂತ ಒಂದು ಎಪಿಕೆ ಕಡತ (ಫೋನಿಗೆ ಆ್ಯಪ್ ಹಾಕುವ ಕಡತ) ತೆರೆದು ದುಡ್ಡು ಕಳೆದುಕೊಂಡರು. ಅದಾದ ಮೇಲೆ ಊರಿನಲ್ಲಿ ಯಾರೂ ಯಾವುದನ್ನೂ ಒತ್ತುತ್ತಿಲ್ಲ. "ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ" ಅಂತ ಕೆಂಪು ಬಣ್ಣದಲ್ಲಿ ಬರುತ್ತದಲ್ಲ, ಅದು ಕಂಪನಿಯದೋ ಕಳ್ಳನದೋ ಅಂತ ನಾನು ಹೇಗೆ ತಿಳಿಯಬೇಕು ಮಾರಾಯ್ರೇ? ಎರಡೂ ಒಂದೇ ಥರ ಇರುತ್ತವೆ.

ಇನ್ನೊಂದು ವಿಷಯ. ಮೂರು ವರ್ಷದ ಹಿಂದೆ ಬ್ರೌಸರ್ ಹೊಸದಾದಾಗ ನನ್ನ ಪುಟಗಳ ಗುರುತುಗಳೆಲ್ಲ (ಬುಕ್‌ಮಾರ್ಕ್) ಮೇಲಿಂದ ಮಾಯವಾದವು. ಪಿಂಚಣಿ ನೋಡುವ ಪುಟ, ಪಹಣಿ ನೋಡುವ ಪುಟ, ಎಲ್ಲ ಅಲ್ಲೇ ಇದ್ದವು. ಅಡಗಿತ್ತಷ್ಟೇ, ಕಳೆದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಹದಿನೈದು ದಿನ ನಾನು ಪರದಾಡಿದ್ದು ನನಗೇ ಗೊತ್ತು. ಪಕ್ಕದಲ್ಲಿ ಕೂತು ತೋರಿಸುವವರು ಯಾರೂ ಇರಲಿಲ್ಲ.

ಸೊರಬ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯಿಂದ

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನಾನು ನನ್ನ ಗಿರಾಕಿಗಳಿಗೆ ಹೇಳಿಕೊಡುವುದನ್ನೇ ಹೇಳುತ್ತೇನೆ. ಪುಟದ ಒಳಗೆ ಬಂದು "ಅಪ್‌ಡೇಟ್ ಮಾಡಿ" ಅಂದರೆ ಒತ್ತಲೇಬೇಡಿ, ನಿಮ್ಮ ಮಗ ಹೇಳಿದ್ದು ಸರಿ. ಅಪ್‌ಡೇಟನ್ನು ನೀವಾಗಿಯೇ ಹುಡುಕಿಕೊಂಡು ಹೋಗಿ. ಕ್ರೋಮಿನಲ್ಲಿ ಮೇಲೆ ಬಲಗಡೆ ಮೂರು ಚುಕ್ಕೆ, ಅದರೊಳಗೆ ಸಹಾಯ, ಅದರೊಳಗೆ ಕ್ರೋಮ್ ಬಗ್ಗೆ ಅಂತ ಇರುತ್ತದೆ. ಅದನ್ನು ತೆರೆದರೆ ಸಾಕು, ಹೊಸದಿದ್ದರೆ ತಾನೇ ಇಳಿಸಿಕೊಳ್ಳುತ್ತದೆ. ಫೋನಿನಲ್ಲಾದರೆ ಪ್ಲೇ ಸ್ಟೋರ್ ಮಾತ್ರ. ಬೇರೆ ಯಾವ ದಾರಿಯಲ್ಲಿ ಬಂದರೂ ಬೇಡ.

ನನ್ನ ಅಂಗಡಿಯಲ್ಲಿ ಒಂದು ಹಳೆ ಸಿಸ್ಟಮ್ ಬೇಕಂತಲೇ ಇಟ್ಟಿದ್ದೆ. ಟೆಂಡರ್ ಹಾಕುವ ಗುತ್ತಿಗೆದಾರರು ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ತರುತ್ತಾರೆ. ಸಹಿ ಮಾಡುವ ಪುಟಕ್ಕೆ ಜಾವಾ ಆಪ್ಲೆಟ್ ಅನ್ನುವ, ಬ್ರೌಸರಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ ಬೇಕಿತ್ತು. ಕ್ರೋಮ್ ಅದನ್ನು ಓಡಿಸುವ ಪ್ಲಗಿನ್‌ಗಳನ್ನು 2015ರಲ್ಲಿ ಬಿಟ್ಟಿತು, ಫೈರ್‌ಫಾಕ್ಸ್ 2017ರಲ್ಲಿ ಬಿಟ್ಟಿತು. ಉಳಿದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ. ಕೊನೆ ದಿನ ಸಂಜೆ ಐದಕ್ಕೆ ಟೆಂಡರ್ ಮುಗಿಯುತ್ತದೆ ಅನ್ನುವಾಗ ಬ್ರೌಸರ್ ಹೊಸದಾಗಿ ಕೂತರೆ ಗಿರಾಕಿಯ ಕೆಲಸ ಹೋಯಿತು. ಅದಕ್ಕೇ ಅಪ್‌ಡೇಟ್ ನಿಲ್ಲಿಸಿಟ್ಟಿದ್ದೆ. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರನ್ನೇ ನಿಲ್ಲಿಸಿದರು. ಈಗ ಮೈಕ್ರೋಸಾಫ್ಟಿನ ಹೊಸ ಬ್ರೌಸರ್ ಎಡ್ಜ್ ಒಳಗೆ ಐಇ ಮೋಡ್ ಅಂತ ಇದೆ, ಹಳೆ ಎಕ್ಸ್‌ಪ್ಲೋರರ್ ಥರವೇ ಪುಟ ತೋರಿಸುತ್ತದೆ. ಕಡೇಪಕ್ಷ 2029ರವರೆಗೆ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಹಳೆ ಪುಟ ಬೇಕಾದರೆ ಆ ಒಂದು ಪುಟಕ್ಕೆ ಮಾತ್ರ ಅದನ್ನು ಹಾಕಿಕೊಳ್ಳುತ್ತೇನೆ. ಬ್ಯಾಂಕು, ಮೇಲ್ ಎಲ್ಲ ಹೊಸ ಬ್ರೌಸರಿನಲ್ಲಿ.

ಸಾಗರದವರೇ, ಒಂದು ಕಿವಿಮಾತು. ಆ ಸಂಘದ ಗುಮಾಸ್ತರ ಟೇಬಲ್ ಮೇಲಿನ ಕಂಪ್ಯೂಟರನ್ನೂ ನೋಡಿ ಬನ್ನಿ. ಒಂದು ಹಳೆ ಸಾಫ್ಟ್‌ವೇರಿಗಾಗಿ ಇಡೀ ಕಂಪ್ಯೂಟರ್ ಹಳೆಯದಾಗಿ ಕೂತಿರುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ.

ಶಿವಮೊಗ್ಗ, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಡೀಪ್ ಫ್ರೀಜ್ ಹಾಕಿದ್ದೇವೆ. ರೀಸ್ಟಾರ್ಟ್ ಮಾಡಿದರೆ ಕಂಪ್ಯೂಟರ್ ಮೊದಲಿದ್ದ ಸ್ಥಿತಿಗೆ ಬರುತ್ತದೆ. ಹುಡುಗರು ಹಾಕಿದ ಆಟ ಹೋಗುತ್ತದೆ, ಬ್ರೌಸರ್ ಮಾಡಿಕೊಂಡ ಅಪ್‌ಡೇಟೂ ಹೋಗುತ್ತದೆ. ಪ್ರತಿ ದಿನ ಇಳಿಸಿಕೊಳ್ಳುತ್ತದೆ, ಪ್ರತಿ ದಿನ ಕಳೆದುಕೊಳ್ಳುತ್ತದೆ. ಇದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಈಗ ತಿಂಗಳಿಗೊಮ್ಮೆ ಬೀಗ ತೆಗೆದು ಎಲ್ಲ ಹೊಸದು ಮಾಡಿ ಮತ್ತೆ ಬೀಗ ಹಾಕುತ್ತೇನೆ.

ಹೊಸನಗರ ತಾಲ್ಲೂಕಿನಿಂದ, ಬಿಸಿಎ ವಿದ್ಯಾರ್ಥಿನಿ

ಫೋನಿನ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ನಮ್ಮ ಕಡೆ ಜಾಸ್ತಿ ಜನರ ಬ್ರೌಸರ್ ಅದೇ ಅಲ್ವಾ?

ಅಮ್ಮನ ಫೋನಿನಲ್ಲಿ ಕ್ರೋಮ್ ಎರಡು ವರ್ಷ ಹಳೆಯದಿತ್ತು. ಅಮ್ಮ ಯಾವುದನ್ನೂ ಬೇಡ ಅಂದಿರಲಿಲ್ಲ. ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ "ವೈಫೈ ಇದ್ದಾಗ ಮಾತ್ರ ಅಪ್‌ಡೇಟ್" ಅಂತ ಇತ್ತು. ಫೋನ್ ಬರುವಾಗಲೇ ಹಾಗಿತ್ತು. ನಮ್ಮ ಮನೆಯಲ್ಲಿ ವೈಫೈ ಇಲ್ಲ. ಸಿಗ್ನಲ್ ಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಆ ಫೋನ್ ವೈಫೈ ಕಂಡೇ ಇರಲಿಲ್ಲ. ಎರಡನೆಯದು ಜಾಗ. 16 ಜಿಬಿ ಫೋನು, ವಾಟ್ಸಾಪಿನ ಶುಭೋದಯ ಚಿತ್ರ, ಭಜನೆ ವಿಡಿಯೋಗಳಿಂದ ತುಂಬಿಹೋಗಿತ್ತು. ಜಾಗ ಇಲ್ಲದಿದ್ದರೆ ಅಪ್‌ಡೇಟ್ ಶುರುವೇ ಆಗುವುದಿಲ್ಲ. ವಿಡಿಯೋ ತೆಗೆಯುವಾಗ ಅಮ್ಮನನ್ನು ಕೇಳಿ ಕೇಳಿ ತೆಗೆದೆ. ಅಜ್ಜಿಯ ಕೊನೆಯ ಹಬ್ಬದ ವಿಡಿಯೋ ಅದರಲ್ಲೇ ಇತ್ತು. ಅದನ್ನು ಪೆನ್‌ಡ್ರೈವಿಗೆ ಹಾಕಿಟ್ಟೆ. ಆಮೇಲೆ ಹಾಸ್ಟೆಲಿಗೆ ಹೊರಡುವ ಮುಂಚೆ ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಗುಡ್ಡದ ಮೇಲೆ ಕೂತು ಎಲ್ಲ ಹೊಸದು ಮಾಡಿದೆ. ಈಗ ಪ್ರತಿ ಸಲ ಊರಿಗೆ ಹೋದಾಗ ಮಾಡುತ್ತೇನೆ. ಜೊತೆಗೆ ಆಂಡ್ರಾಯ್ಡ್ ವೆಬ್‌ವ್ಯೂ ಅನ್ನುವುದನ್ನೂ ಮಾಡಿ. ಎಷ್ಟೋ ಆ್ಯಪ್‌ಗಳು ಒಳಗೆ ಪುಟ ತೋರಿಸುವುದು ಅದರಿಂದಲೇ.

ಫೋನ್ ಆಂಡ್ರಾಯ್ಡ್ 8 ಅಥವಾ 9 ಆದರೆ ಕ್ರೋಮ್ 138ಕ್ಕೇ ನಿಲ್ಲುತ್ತದೆ, ಅದಕ್ಕಿಂತ ಹಳೆಯದಾದರೆ ಇನ್ನೂ ಮೊದಲೇ. 139ಕ್ಕೆ ಆಂಡ್ರಾಯ್ಡ್ 10 ಬೇಕು. ನಮ್ಮ ಚಿಕ್ಕಪ್ಪನ ಫೋನು ಅಂಥದ್ದು. ಅವರು ಅದರಲ್ಲಿ ಬ್ಯಾಂಕ್ ಕೆಲಸ ಬಿಟ್ಟಿದ್ದಾರೆ. ಪಾಸ್‌ಬುಕ್ ಹಿಡಿದು ಪೇಟೆಗೇ ಹೋಗುತ್ತಾರೆ.

ಶಿವಮೊಗ್ಗ, ರಿಪೇರಿ ಅಂಗಡಿಯಿಂದ ಮತ್ತೊಮ್ಮೆ

ಹೇಗೆ ಹೇಳುವುದು ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಬಾಕಿ ಇತ್ತು. ತೋಟ ಇರುವವರಿಗೆ ನಾನು ಅಡಿಕೆ ಕೊಳೆ ರೋಗದ ಔಷಧಿಯ ಮಾತು ಹೇಳುತ್ತೇನೆ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆದರೂ ಅಷ್ಟಕ್ಕೇ ಮುಗಿಯುವುದಿಲ್ಲ. ಮಳೆಗೆ ತೊಳೆದು ಹೋಗುತ್ತದೆ. 40-45 ದಿನಕ್ಕೆ ಮತ್ತೆ ಹೊಡೆಯಬೇಕು. ಇಲ್ಲದಿದ್ದರೆ ಕಾಯಿ ಉದುರುತ್ತದೆ. ಬ್ರೌಸರಿಗೂ ಹಾಗೇ. ಕಳ್ಳರು ಹೊಸ ತೂತು ಹುಡುಕುತ್ತಲೇ ಇರುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಅನ್ನುವ ಚಿತ್ರದ ನಮೂನೆಯಲ್ಲಿ ಒಂದು ತೂತು ಸಿಕ್ಕಿತು. ಬೇಕಂತಲೇ ಕೆಡಿಸಿದ ಒಂದು ಚಿತ್ರ ಇರುವ ಪುಟ ತೆರೆದರೂ ಅಪಾಯವಿತ್ತು. ಎಲ್ಲಿಯೂ ಒತ್ತಬೇಕಾಗಿರಲಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ತಕ್ಷಣ ಮುಚ್ಚಿದವು. ಅದೇ ವರ್ಷದ ಆಗಸ್ಟಿನಿಂದ ಕ್ರೋಮಿನವರು ವಾರಕ್ಕೊಮ್ಮೆ ಭದ್ರತೆಯ ಅಪ್‌ಡೇಟ್ ಕೊಡುತ್ತಿದ್ದಾರೆ. ಮೇಷ್ಟ್ರೇ, ನೀವು ಏನೂ ಒತ್ತದೆ ಇದ್ದರೂ ಸಾಲದು ಅನ್ನುವುದು ಇದಕ್ಕೇ. ಶಿವಮೊಗ್ಗಕ್ಕೆ ಬಂದಾಗ ಅಂಗಡಿಗೆ ಬನ್ನಿ, ಕೂತು ತೋರಿಸುತ್ತೇನೆ. ದುಡ್ಡು ಬೇಡ.

ಕೇಳಿದವರು: ಸಾಗರದ ಹತ್ತಿರದಿಂದ

ಎಲ್ಲರಿಗೂ ಧನ್ಯವಾದ. ಎರಡು ದಿನ ಇದನ್ನೇ ಓದಿದೆ. ಮೊದಲು ನನ್ನ ಕೋಡ್ ತೆಗೆದು ನೋಡಿದೆ. ಧಾರಣೆಯ ಪಟ್ಟಿಯನ್ನು ಜೋಡಿಸಲು ಜಾವಾಸ್ಕ್ರಿಪ್ಟಿನ ಟು-ಸಾರ್ಟೆಡ್ ಬಳಸಿದ್ದೆ. ಅದು ಕ್ರೋಮಿಗೆ ಬಂದದ್ದೇ 110ರಲ್ಲಿ. 109ರಲ್ಲಿ ಪುಟ ಅಲ್ಲೇ ಮುಗ್ಗರಿಸಿ ಬಿಳಿ ಹಾಳೆಯಾಗುತ್ತಿತ್ತು. ಒಂದು ಸಾಲು ಬದಲಿಸಿದೆ, ಆ ಎರಡು ಮನೆಯಲ್ಲೂ ಧಾರಣೆ ಕಾಣಿಸಿತು. ಹಳೆ ಬ್ರೌಸರ್ ಅಂತ ಅವರನ್ನು ದೂರಿದ್ದು ತಪ್ಪಾಯಿತು. ಇನ್ನು ಮುಂದೆ ಪುಟ ಬಿಡುವ ಮೊದಲು 109ರಲ್ಲಿ ತೆರೆದು ನೋಡುತ್ತೇನೆ.

ಆಮೇಲೆ ಅಪ್ಪಯ್ಯನ ಪಕ್ಕ ಕೂತು, "ಹೊಸದು ಮಾಡಿದರೆ ಏನು ಹೋಗುತ್ತದೆ ಅಂತ ನಿಮಗೆ ಭಯ?" ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಹಾಗೆ ಕೇಳಿರಲೇ ಇಲ್ಲ. ತೋಟದ ಲೆಕ್ಕದ ಪುಸ್ತಕದ ಕೊನೆ ಹಾಳೆ ತೆರೆದು ತೋರಿಸಿದರು. ಯಾವ ಬಣ್ಣದ ಗುರುತು ಎಲ್ಲಿದೆ, ಎಷ್ಟನೆಯದನ್ನು ಒತ್ತಬೇಕು ಅಂತ ಹನ್ನೊಂದು ಸಾಲು ಬರೆದಿಟ್ಟಿದ್ದಾರೆ. ಪುಟದ ರೂಪ ಬದಲಾದರೆ ಆ ಹನ್ನೊಂದು ಸಾಲೂ ಕೆಲಸಕ್ಕೆ ಬರುವುದಿಲ್ಲ. ಈ ಭಾನುವಾರ ಫೈರ್‌ಫಾಕ್ಸ್ ಹಾಕಿ, ಅವರ ಜೊತೆ ಕೂತು ಆ ಹಾಳೆಯನ್ನು ಹೊಸದಾಗಿ ಬರೆಯುತ್ತೇವೆ. ಬಟನ್ ಸೆಲ್ಲೂ ಒಂದು ತಂದಿಟ್ಟಿದ್ದೇನೆ.