ವಿಂಡೋಸ್ 10 ನಿಂತ ಮೇಲೆ ಡಿಟಿಪಿ ಅಂಗಡಿಯ ಮೂರು ಯಂತ್ರ: ನುಡಿ, ಪೇಜ್‌ಮೇಕರ್ ಉಳಿಸಿಕೊಂಡು ಏನು ಮಾಡಬಹುದು?

ಮುದ್ರಣ_ಹಾಸನ

ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ಮೂರೂ ನಡೆಯುವ ಅಂಗಡಿ. ಯಂತ್ರವೂ ಮೂರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿತು, ನಾವು ಇನ್ನೂ ಅದರಲ್ಲೇ ಇದ್ದೇವೆ.

ಒಂದನೆಯದು: ಐ5-8400, ಎಚ್310 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10 ಪ್ರೊ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಭಾಗ) ಇಲ್ಲ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಇಲ್ಲ ಅಂತ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಹೇಳುತ್ತಿದೆ.

ಎರಡನೆಯದು: ಐ3-4130, ಎಚ್81 ಬೋರ್ಡ್, 4 ಜಿಬಿ ಡಿಡಿಆರ್3, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಅರ್ಜಿಗಳು, ಬೆರಳಚ್ಚು ಸಾಧನ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಎಲ್ಲ ಇದರಲ್ಲೇ.

ಮೂರನೆಯದು: ಕೋರ್ 2 ಡ್ಯುಯೋ, ವಿಂಡೋಸ್ 7, 32 ಬಿಟ್. ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ನುಡಿ 4, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿಗಳ ಹಳೆಯ ಫೈಲುಗಳೆಲ್ಲ ಇಲ್ಲೇ ಇವೆ. ಪ್ರತಿವರ್ಷ ಅವನ್ನೇ ತೆಗೆದು ತಿದ್ದುತ್ತೇವೆ.

ಯಾವುದನ್ನು ಅಪ್‌ಗ್ರೇಡ್ ಮಾಡಬೇಕು, ಯಾವುದನ್ನು ಮುಟ್ಟಬಾರದು? ಮೂರನ್ನೂ ಒಟ್ಟಿಗೆ ಬದಲಿಸುವಷ್ಟು ದುಡ್ಡು ಈಗ ಇಲ್ಲ.

ಹೊಸತೇ_ಮೇಲು

ಸರ್, ನೇರವಾಗಿ ಹೇಳುತ್ತೇನೆ. ಎರಡು, ಮೂರನೆಯ ಯಂತ್ರಗಳನ್ನು ಇವತ್ತೇ ನಿಲ್ಲಿಸಿ. ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆಯದು, ಅದು ಬಂದಿದ್ದು 2023ರ ಜನವರಿಯಲ್ಲಿ. ಆಮೇಲೆ ಸಿಕ್ಕ ತೂತುಗಳೆಲ್ಲ ಅದರಲ್ಲಿ ಹಾಗೇ ತೆರೆದಿವೆ. ನಿಮ್ಮ ಅಂಗಡಿಗೆ ಜನ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ತಂದು ಕೊಡುತ್ತಾರೆ, ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಸಿಕ್ಕಿಸುತ್ತಾರೆ. ಮನೆಯ ಕಂಪ್ಯೂಟರಿನ ಮಾತೇ ಬೇರೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಅದಕ್ಕೆ ಕಟ್ಟುಬಿದ್ದು ಇನ್ನೂ ಎಷ್ಟು ವರ್ಷ ಎಳೆಯುತ್ತೀರಿ?

ಸರ್ವಿಸ್‌ಬೆಂಚ್_ಮೈಸೂರು

ಸುರಕ್ಷತೆಯ ಮಾತು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಹೊಸದಾದ ಮಾತ್ರಕ್ಕೆ ಹಳೆಯ ಫೈಲು ತೆರೆಯುವುದಿಲ್ಲ. ವಿಂಡೋಸ್ ಯಾವುದು ಅನ್ನುವುದಕ್ಕಿಂತ ಮೊದಲು, ಯಾವ ಕೆಲಸ ಯಾವ ಯಂತ್ರದಲ್ಲಿ ಅನ್ನುವುದು ತೀರ್ಮಾನವಾಗಬೇಕು. ಇಲ್ಲಿ ಅದು ಅದಲುಬದಲಾಗಿದೆ. ಬೆಂಬಲ ಸಿಗಬಲ್ಲ ಒಂದೇ ಯಂತ್ರ ಐ5. ಜನರ ದಾಖಲೆ ಮುಟ್ಟುವ ಕೆಲಸ ಮಾತ್ರ ಐ3ಯಲ್ಲಿ ಕೂತಿದೆ. ಮೊದಲು ಅರ್ಜಿ, ಬೆರಳಚ್ಚು, ಡಿಎಸ್‌ಸಿ ಮೂರನ್ನೂ ಐ5ಗೆ ತನ್ನಿ.

ಐ5ನಲ್ಲಿ ಟಿಪಿಎಂ ಇದೆ, ಆಫ್ ಆಗಿದೆ ಅಷ್ಟೇ. 8ನೇ ತಲೆಮಾರಿನ ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ. ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಅಡ್ವಾನ್ಸ್ಡ್ ಅಥವಾ ಸೆಕ್ಯುರಿಟಿ ಪುಟದಲ್ಲಿರುತ್ತದೆ. ಆದರೆ ಈಗಲೇ ಬಯೋಸ್‌ಗೆ ಹೋಗಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಆಯ್ಕೆ) ಆಫ್ ಮಾಡಬೇಡಿ. ಮೊದಲು ರನ್‌ನಲ್ಲಿ ಎಂಎಸ್‌ಇನ್ಫೋ32 ಹಾಕಿ, ಬಯೋಸ್ ಮೋಡ್ ಎದುರು ಏನಿದೆ ನೋಡಿ. ಲೆಗಸಿ ಅಂತಿದ್ದರೆ ಡಿಸ್ಕ್ ಎಂಬಿಆರ್ ಅನ್ನುವ ಹಳೆಯ ಪಾರ್ಟಿಷನ್ ರೀತಿಯಲ್ಲಿದೆ. ಆ ಸ್ಥಿತಿಯಲ್ಲಿ ಸಿಎಸ್‌ಎಂ ತೆಗೆದರೆ ಬೂಟ್ ಡಿವೈಸ್ ಸಿಗಲಿಲ್ಲ ಅಂತ ಕಪ್ಪು ಪರದೆ ಬರುತ್ತದೆ. ಹಾಗಾದರೆ ಗಾಬರಿ ಬೇಡ, ಫೈಲು ಹೋಗಿರುವುದಿಲ್ಲ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಏಳುತ್ತದೆ.

ದಾರಿ ಎರಡಿವೆ. ಹಾಕಿದ ಪ್ರೋಗ್ರಾಂಗಳು ಹಾಗೇ ಉಳಿಯಬೇಕು ಅಂದರೆ, ಬ್ಯಾಕಪ್ ತೆಗೆದು, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕನ್ನು ಹೊಸ ಜಿಪಿಟಿ ರೀತಿಗೆ ತರುವ ಎಂಬಿಆರ್2ಜಿಪಿಟಿ ಓಡಿಸಬೇಕು. ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಮಾತ್ರ ಕನ್ವರ್ಟ್. ಎರಡರ ಜೊತೆಗೂ ಅಲೌ-ಫುಲ್-ಓಎಸ್ ಆಯ್ಕೆ ಸೇರಿಸಬೇಕು, ಇಲ್ಲದಿದ್ದರೆ ಓಡುತ್ತಿರುವ ವಿಂಡೋಸ್ ಒಳಗಿಂದ ಅದು ಒಪ್ಪುವುದಿಲ್ಲ. ವ್ಯಾಲಿಡೇಟ್ ಫೇಲ್ ಆದರೆ ಬಹುತೇಕ ಕಾರಣ ಪಾರ್ಟಿಷನ್. ಅಂಗಡಿಯಲ್ಲಿ ಜೋಡಿಸಿದ ಯಂತ್ರಗಳಲ್ಲಿ ಸಿ, ಡಿ, ಇ, ಎಫ್ ಅಂತ ನಾಲ್ಕು ಮಾಡಿಟ್ಟಿರುತ್ತಾರೆ. ಈ ಟೂಲ್ ಮೂರಕ್ಕಿಂತ ಹೆಚ್ಚು ಪ್ರೈಮರಿ ಇದ್ದರೂ ಒಪ್ಪದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೂ ಒಪ್ಪದು.

ಎರಡನೆಯ ದಾರಿಯೇ ನನಗೆ ಇಷ್ಟ: 480 ಅಥವಾ 512 ಜಿಬಿ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕಿನ ಕೇಬಲ್ ತೆಗೆದಿಟ್ಟು, ಸಿಎಸ್‌ಎಂ ಆಫ್, ಪಿಟಿಟಿ ಆನ್, ಸೆಕ್ಯೂರ್ ಬೂಟ್ ಆನ್ ಮಾಡಿ ವಿಂಡೋಸ್ 11 ಹೊಸದಾಗಿ ಹಾಕುವುದು. ಬೋರ್ಡ್ ಅದೇ ಆಗಿರುವುದರಿಂದ, ನಿಮ್ಮ 10 ಪ್ರೊ ಸರಿಯಾಗಿ ಆಕ್ಟಿವೇಟ್ ಆಗಿದ್ದರೆ 11 ಪ್ರೊ ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಮೇಲೆ 11 ಹಾಕಬೇಡಿ. ಬೆಳಗ್ಗೆ ಅಂಗಡಿ ತೆರೆದ ಮೇಲೆ ಡಿಸ್ಕ್ ಬಳಕೆ 100%ಕ್ಕೆ ಹೋಗಿ ನಿಂತುಬಿಡುತ್ತದೆ, ಗಿರಾಕಿ ಎದುರಿಗೆ ಕಾಯುತ್ತಿರುತ್ತಾರೆ.

ಒಂದು ಎಚ್ಚರಿಕೆ. ವಿಂಡೋಸ್ 11ರ 24ಎಚ್2 ಮತ್ತು ನಂತರದ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಷನ್ ಕೇಳದೆಯೇ ಆನ್ ಆಗಬಹುದು. 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿರುತ್ತದೆ, ಅದನ್ನು ಕಾಗದದ ಮೇಲೆ ಬರೆದಿಡಿ. ಯಾಕೆ ಅಂದರೆ, ಬೋರ್ಡಿನ ಸಿಆರ್2032 ಸೆಲ್ ಮುಗಿದಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಬಯೋಸ್ ಸೆಟ್ಟಿಂಗ್ ಅಳಿಸಿ ಪಿಟಿಟಿ ಮತ್ತೆ ಆಫ್ ಆಗುತ್ತದೆ, ವಿಂಡೋಸ್ ಆ ಕೀ ಕೇಳುತ್ತಾ ನಿಲ್ಲುತ್ತದೆ. ಕ್ಯಾಬಿನೆಟ್ ಬಿಚ್ಚಿದಾಗಲೇ ಸೆಲ್ ಬದಲಿಸಿಬಿಡಿ.

ಕೀಲಿಮಣೆ_ಪ್ರಿಯ

ಐ3ಗೆ ಇಎಸ್‌ಯು (ಬೆಂಬಲ ನಿಂತ ಮೇಲೂ ಸುರಕ್ಷತಾ ಅಪ್‌ಡೇಟ್ ಕೊಡುವ ಯೋಜನೆ) ಇದೆಯಲ್ಲ? ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಉಚಿತ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಬಟನ್ ಬರುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಆಗಿರಬೇಕು, ಅಡ್ಮಿನ್ ಖಾತೆ ಮೈಕ್ರೋಸಾಫ್ಟ್ ಲಾಗಿನ್ ಆಗಿರಬೇಕು, ಅಷ್ಟೇ.

ಸರ್ವಿಸ್‌ಬೆಂಚ್_ಮೈಸೂರು

ಅದು ಮನೆಬಳಕೆಯವರಿಗೆ ಇಟ್ಟ ಯೋಜನೆ. ವ್ಯವಹಾರಕ್ಕೆ ಬಳಸುವ ಯಂತ್ರಕ್ಕೆ ದರವೇ ಬೇರೆ: ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷಕ್ಕೊಮ್ಮೆ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ. 4 ಜಿಬಿಯ ಐ3ಗೆ ಅಷ್ಟು ಸುರಿಯುವ ಬದಲು ಅದೇ ದುಡ್ಡನ್ನು ಐ5ನ ಎಸ್‌ಎಸ್‌ಡಿಗೆ ಹಾಕುವುದು ಮೇಲು.

ಹುಬ್ಬಳ್ಳಿ_ಹಾರ್ಡ್‌ವೇರ್

ಸರ, ಐ3ಗೆ ರೂಫಸ್‌ನಿಂದ (ಬೂಟ್ ಪೆನ್‌ಡ್ರೈವ್ ಮಾಡೋ ಟೂಲ್) ವಿಂಡೋಸ್ 11ರ ತಪಾಸಣೆ ಬೈಪಾಸ್ ಮಾಡಿ 11 ಹಾಕ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಹಾಕಿದ್ರ ಓಡತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಹೋಮ್, ಪ್ರೊಗೆ ಪ್ರತಿ ಆವೃತ್ತಿಗೂ 24 ತಿಂಗಳಷ್ಟ ಬೆಂಬಲ. 24ಎಚ್2ಗೆ 2026ರ ಅಕ್ಟೋಬರ್ 13ರ ತನಕ ಅಷ್ಟ. ಮುಂದಿನ ಆವೃತ್ತಿ ಆ ಯಂತ್ರಕ್ಕ ತಾನಾಗಿ ಬರಂಗಿಲ್ರಿ, ಪ್ರತಿಸಲ ನೀವ ಕೂತು ಐಎಸ್‌ಒ (ಇನ್‌ಸ್ಟಾಲ್ ಫೈಲ್) ತಂದು ಹಾಕಬೇಕು. ಜನರ ಬೆರಳಚ್ಚು ತಗೊಳ್ಳೋ ಯಂತ್ರದಾಗ ಇಂಥಾದ್ದು ಬ್ಯಾಡ.

ಕೋರ್ 2 ಡ್ಯುಯೋದ ಮಾತಂತೂ ಮುಗೀತ್ರಿ. ಅದರಾಗ ಪಾಪ್‌ಕೌಂಟ್ ಅನ್ನೋ ಇನ್‌ಸ್ಟ್ರಕ್ಷನ್ನ ಇಲ್ಲ, 24ಎಚ್2 ಬೂಟ್ ಸೈತ ಆಗಂಗಿಲ್ಲ. ಅದನ್ನ ವಿಂಡೋಸ್ 7ನಾಗ ಬಿಡ್ರಿ, ನೆಟ್ ಮಾತ್ರ ಕಿತ್ತು ಹಾಕ್ರಿ. ಅಂಗಡಿ ಒಳಗ ಫೈಲ್ ಓಡಾಡಬೇಕಂದ್ರ ಹಿಂಗ ಮಾಡ್ರಿ: ಐಪಿ ಕೈಯಿಂದ ಕೊಡ್ರಿ, 192.168.1.50, ಮಾಸ್ಕ್ 255.255.255.0. ಗೇಟ್‌ವೇ, ಡಿಎನ್‌ಎಸ್ ಎರಡೂ ಖಾಲಿ ಬಿಡ್ರಿ. ಗೇಟ್‌ವೇ ಇಲ್ಲಂದ್ರ ಪಕ್ಕದ ಯಂತ್ರ ಕಾಣತೈತಿ, ಹೊರಗ ಹೋಗಾಕ ಬರಂಗಿಲ್ಲ. ಅದ ಅಡಾಪ್ಟರ್‌ನಾಗ ಐಪಿವಿ6 ಟಿಕ್ ಮಾರ್ಕ್ ತಗೀರಿ, ಇಲ್ಲಾಂದ್ರ ರೌಟರ್ ಆ ದಾರಿಯಿಂದ ತಾನ ವಿಳಾಸ ಕೊಟ್ಟುಬಿಡತೈತಿ. ಇದನ್ನ ಭಾಳ ಮಂದಿ ಮರೀತಾರ. ಗಿರಾಕಿ ಪೆನ್‌ಡ್ರೈವ್ ಆ ಯಂತ್ರಕ್ಕ ಎಂದೂ ಹಚ್ಚಬ್ಯಾಡ್ರಿ. ಐ5ನಾಗ ಹಚ್ಚಿ, ಸ್ಕ್ಯಾನ್ ಮಾಡಿ, ಲ್ಯಾನ್ ಮ್ಯಾಲೆ ಕಳಸ್ರಿ.

ಲಿನಕ್ಸ್_ತುಮಕೂರು

ಖಾಲಿಯಾಗುವ ಐ3ಗೆ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ ಹಾಕಬಹುದು, 2029ರವರೆಗೆ ಅಪ್‌ಡೇಟ್ ಇದೆ. ಇನ್ನೊಂದು 4 ಜಿಬಿ ಡಿಡಿಆರ್3, ಒಂದು ಸಣ್ಣ ಎಸ್‌ಎಸ್‌ಡಿ ಸೇರಿಸಿ. ಕನ್ನಡ ಟೈಪಿಂಗ್‌ಗೆ ಹೆಚ್ಚೇನೂ ಹೊಸದಾಗಿ ಕಲಿಯಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ (ಕಗಪ, ಫೊನೆಟಿಕ್) ಅಂತ ಇದೆ. ನುಡಿಯಲ್ಲಿ ಕೈಗೆ ಕೂತ ಕೀಲಿಗಳೇ ಬಹುತೇಕ ಅಲ್ಲೂ, ಅಕ್ಷರ ಮಾತ್ರ ನೇರ ಯುನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರಸಂಕೇತ). ಲಿಬ್ರೆಆಫೀಸ್‌ನಲ್ಲಿ ಒಂದು ಕಡೆ ಎಡವುತ್ತಾರೆ: ಕನ್ನಡ ಅದರ ಲೆಕ್ಕದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ (ಸಿಟಿಎಲ್). ಭಾಷೆಯ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಸ್ಟೈಲ್‌ನಲ್ಲಿ ಸಿಟಿಎಲ್ ಫಾಂಟ್ ಮತ್ತು ಗಾತ್ರ ಬೇರೆಯಾಗಿ ಕೊಡಬೇಕು. ಪಾಶ್ಚಾತ್ಯ ಫಾಂಟಿನ ಗಾತ್ರ ಮಾತ್ರ ಬದಲಿಸಿ, ಕನ್ನಡ ಯಾಕೆ ದೊಡ್ಡದಾಗಲಿಲ್ಲ ಅಂತ ಕೂರುತ್ತಾರೆ.

ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ಗೆ ಕಟ್ಟಬೇಡಿ. ಅದು ಕ್ಯಾನನ್‌ನ ಸ್ವಂತ ಕ್ಯಾಪ್ಟ್ ಭಾಷೆಯ ಪ್ರಿಂಟರ್, ಲಿನಕ್ಸ್ ಡ್ರೈವರ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಪಿಡಿಎಫ್ ಮಾಡಿ ಐ5ನಿಂದ ತೆಗೆಯಿರಿ. ಬೆರಳಚ್ಚಿನ ಆರ್‌ಡಿ ಸರ್ವಿಸ್‌ಗೂ (ಸಾಧನವನ್ನು ವೆಬ್‌ಸೈಟಿಗೆ ಸೇರಿಸುವ ಸಾಫ್ಟ್‌ವೇರ್) ಲಿನಕ್ಸ್ ನಂಬಬೇಡಿ.

ಸರ್ವಿಸ್‌ಬೆಂಚ್_ಮೈಸೂರು

ಪ್ರಿಂಟರ್ ವಿಷಯಕ್ಕೆ ಸೇರಿಸುತ್ತೇನೆ. 2900ಗೆ 64 ಬಿಟ್ ಕ್ಯಾಪ್ಟ್ ಡ್ರೈವರ್ ವಿಂಡೋಸ್ 11ರಲ್ಲಿ ನಡೆಯುತ್ತದೆ. ಇನ್‌ಸ್ಟಾಲರ್ ಕೇಳುವವರೆಗೆ ಯುಎಸ್‌ಬಿ ಸಿಕ್ಕಿಸಬೇಡಿ. ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಅಂತ ಒಂದಿದೆ, ಅದು ಆಫ್ ಇರಲಿ. ಆನ್ ಆದರೆ ಕಂಪನಿ ಡ್ರೈವರ್ ಬೇಕಾದ ಹಳೆಯ ಪ್ರಿಂಟರುಗಳೆಲ್ಲ ಪಟ್ಟಿಯಿಂದ ಹೋಗುತ್ತವೆ.

ಬೆರಳಚ್ಚು ಐ5ಗೆ ತಂದ ಮೇಲೆ "ಡಿವೈಸ್ ಸಿಗಲಿಲ್ಲ" ಅಂತ ಬಂದರೆ ಸಾಧನವನ್ನು ಬೈಯುವ ಮುಂಚೆ ಬ್ರೌಸರ್ ನೋಡಿ. ಆರ್‌ಡಿ ಸರ್ವಿಸ್ ಅದೇ ಯಂತ್ರದ 11100ರಿಂದ 11120ರೊಳಗಿನ ಒಂದು ಪೋರ್ಟಿನಲ್ಲಿ ಕೂತು ಉತ್ತರಿಸುತ್ತದೆ. ಕ್ರೋಮ್ 142ರಿಂದ, ವೆಬ್‌ಸೈಟ್ ಹೀಗೆ ಸ್ಥಳೀಯ ಪೋರ್ಟ್ ಮುಟ್ಟಲು ಅನುಮತಿ ಕೇಳುತ್ತದೆ. ಅವಸರದಲ್ಲಿ ಬ್ಲಾಕ್ ಒತ್ತಿದ್ದರೆ ಸಾಧನ ಸರಿ ಇದ್ದರೂ ಕಾಣದು. ವಿಳಾಸಪಟ್ಟಿಯ ಎಡಗಡೆಯ ಚಿಹ್ನೆ ಒತ್ತಿ, ಸೈಟ್ ಸೆಟ್ಟಿಂಗ್‌ನಲ್ಲಿ ಆ ಅನುಮತಿ ಕೊಡಿ.

ಅಕ್ಷರಜೋಡಣೆ

ಎಲ್ಲರೂ ಯಂತ್ರದ ಬಗ್ಗೆ ಹೇಳಿದ್ದಾರೆ. ನನಗೆ ಚಿಂತೆ ಆ ಫೈಲುಗಳದ್ದು. ಮೂರನೆಯ ಯಂತ್ರದ ಬೋರ್ಡ್ ಒಂದು ದಿನ ಹೋಗುತ್ತದೆ. ಅಂದು ವಾರ್ಷಿಕ ವರದಿಗಳು ಯಾರ ಬಳಿಯೂ ತೆರೆಯದ ಕಡತಗಳಾಗುತ್ತವೆ.

ನುಡಿ 4ರ ಆನ್ಸಿ (ಯುನಿಕೋಡ್‌ಗೆ ಮುಂಚಿನ ರೀತಿಯ, ಆಸ್ಕಿ ಅಂತಲೂ ಕರೆಯುವ) ಫಾಂಟಿನಲ್ಲಿ ಕನ್ನಡ ಅಂತ ನಿಜವಾಗಿ ಏನೂ ಇಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಜಾಗಕ್ಕೆ ಕೂರಿಸಿದ ಕನ್ನಡದ ಚೂರುಗಳು. ಫಾಂಟ್ ತೆಗೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಉಳಿಯುತ್ತದೆ. ಹಾಗಾಗಿ ಮೊದಲ ಕೆಲಸ: ಪೇಜ್‌ಮೇಕರ್‌ನ ಸೇವ್ ಆ್ಯಸ್ ಪೆಟ್ಟಿಗೆಯಲ್ಲಿ ಕಾಪಿ ಅನ್ನುವಲ್ಲಿ ರಿಮೋಟ್ ಪ್ರಿಂಟಿಂಗ್‌ಗೆ ಬೇಕಾದ ಫೈಲುಗಳು ಅನ್ನುವುದನ್ನು ಆರಿಸಿ. ಜೋಡಿಸಿದ ಚಿತ್ರಗಳು ಒಂದೇ ಫೋಲ್ಡರಿಗೆ ಬರುತ್ತವೆ. ಬಳಸಿದ ನುಡಿ ಫಾಂಟ್ ಫೈಲುಗಳನ್ನು (ಟಿಟಿಎಫ್) ಕೈಯಿಂದ ಅದೇ ಫೋಲ್ಡರಿಗೆ ಹಾಕಿ. ಪಿಡಿಎಫ್ ಒಂದನ್ನೂ ಇಡಿ, ಮುಂದೆ ಪುಟ ಹೇಗಿತ್ತು ಅಂತ ತಾಳೆ ನೋಡಲು ಅದೇ ಆಧಾರ. ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಒಂದು ಅಂಗಡಿಯಿಂದ ಹೊರಗಿರಲಿ.

ಯುನಿಕೋಡ್‌ಗೆ ತರುವುದು ಎರಡನೆಯ ಕೆಲಸ. ಎಲ್ಲವನ್ನೂ ತರಬೇಕಿಲ್ಲ, ಪ್ರತಿವರ್ಷ ತಿದ್ದುವಂಥವು ಸಾಕು. ಪೇಜ್‌ಮೇಕರ್ ನಂತರ ಬಂದ ಇನ್‌ಡಿಸೈನ್ ಮೂಲಕ ಹೋಗುವುದಾದರೆ ಪೇಜ್‌ಮೇಕರ್ ಫೈಲನ್ನು ಸಿಎಸ್6ರವರೆಗಿನ ಆವೃತ್ತಿಗಳು ಮಾತ್ರ ತೆರೆಯುತ್ತವೆ, ಆಮೇಲಿನ ಸಿಸಿ ತೆರೆಯುವುದಿಲ್ಲ. ಇಲ್ಲವಾದರೆ ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಅಲ್ಲಿ ಕೆಡುವುದು ಬೆರಕೆ ಸಾಲುಗಳು. ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರು, ಇಮೇಲ್, ಜಿಎಸ್‌ಟಿ ಸಂಖ್ಯೆ ಇವನ್ನು ಪರಿವರ್ತಕ ಕನ್ನಡದ ಚೂರು ಅಂತಲೇ ಓದಿ ಕಲಸುಮೇಲೋಗರ ಮಾಡುತ್ತದೆ. ಮೊದಲೇ ಅವುಗಳ ಜಾಗದಲ್ಲಿ ##1##, ##2## ಅಂತ ಗುರುತು ಹಾಕಿ, ಪರಿವರ್ತಕ ಆ ಗುರುತನ್ನು ಮುಟ್ಟುವುದಿಲ್ಲ ಅಂತ ಒಂದು ಸಾಲಿನಲ್ಲಿ ಪರೀಕ್ಷಿಸಿ, ಆಮೇಲೆ ತುಂಬಿ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ: ಕಾರ್ಯದರ್ಶಿ, ನಿರ್ದೇಶಕರು, ವಾರ್ಷಿಕ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ತಪ್ಪಾಗುವುದು ಇಲ್ಲೇ.

ಇನ್ನೊಂದು. ಆನ್ಸಿ ಕನ್ನಡವನ್ನು ವರ್ಡ್‌ನಲ್ಲಿ ತೆರೆದರೆ ಆಟೋಕರೆಕ್ಟ್‌ನ "ವಾಕ್ಯದ ಮೊದಲ ಅಕ್ಷರ ದೊಡ್ಡದು" ಆಯ್ಕೆ ತೆಗೆದಿರಿ. ಅದು ಇಂಗ್ಲಿಷ್ ಅಂತ ತಿಳಿದು ಸಣ್ಣಕ್ಷರವನ್ನು ದೊಡ್ಡದು ಮಾಡುತ್ತದೆ, ನಿಮ್ಮ ಪುಟದಲ್ಲಿ ಬೇರೆಯೇ ಕನ್ನಡ ಅಕ್ಷರ ಬಂದು ಕೂರುತ್ತದೆ.

ಮುದ್ರಣ_ಹಾಸನ

ಎಲ್ಲರಿಗೂ ಧನ್ಯವಾದ. ಐ5ಗೆ ಎಸ್‌ಎಸ್‌ಡಿ ಹಾಕಿ 11 ಪ್ರೊ ಬಂತು, ಬೆರಳಚ್ಚು, ಡಿಎಸ್‌ಸಿ ಎರಡೂ ಓಡುತ್ತಿವೆ. ವಿಂಡೋಸ್ 7ರ ಶೇರ್ ಫೋಲ್ಡರ್ ಮಾತ್ರ ಐ5ನಿಂದ ತೆರೆಯುತ್ತಿಲ್ಲ. ಮೊದಲು ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿತ್ತು. ಎಸ್‌ಎಂಬಿ 1 (ವಿಂಡೋಸ್ ಫೈಲ್ ಹಂಚಿಕೆಯ ಹಳೆಯ ವಿಧಾನ) ಆನ್ ಮಾಡಿ ಅಂತ ಒಂದು ವೀಡಿಯೊದಲ್ಲಿ ಹೇಳುತ್ತಾರೆ.

ಹುಬ್ಬಳ್ಳಿ_ಹಾರ್ಡ್‌ವೇರ್

ಎಸ್‌ಎಂಬಿ 1 ಮುಟ್ಟಬ್ಯಾಡ್ರಿ ಸರ, 2017ರ ವಾನಾಕ್ರೈ ದಾಳಿ ಹೊಕ್ಕಿದ್ದ ಬಾಗಿಲ ಅದು. ವಿಂಡೋಸ್ 7ಗೆ ಎಸ್‌ಎಂಬಿ 2.1 ಬರತೈತಿ, ಅಷ್ಟ ಸಾಕು. 24ಎಚ್2ದಿಂದ 11 ಪ್ರೊ ಗೆಸ್ಟ್ (ಪಾಸ್‌ವರ್ಡ್ ಇಲ್ಲದ) ಲಾಗಿನ್ ಒಪ್ಪಂಗಿಲ್ಲ, ಸೈನಿಂಗ್ (ಕಳಿಸಿದ್ದು ಖರೇ ಅಂತ ಖಾತ್ರಿ ಮಾಡೋ ಗುರುತು) ಕಡ್ಡಾಯ ಕೇಳತೈತಿ. ಗೆಸ್ಟ್‌ಗೆ ಸೈನಿಂಗ್ ಆಗಂಗಿಲ್ಲ, ಅದಕ್ಕ ಬಾಗಿಲು ಮುಚ್ಚೈತಿ. ವಿಂಡೋಸ್ 7ನಾಗ ಡಿಟಿಪಿ ಅಂತ ಒಂದು ಬಳಕೆದಾರ ಹೆಸರು ಮಾಡಿ ಪಾಸ್‌ವರ್ಡ್ ಕೊಡ್ರಿ, ಫೋಲ್ಡರ್ ಶೇರಿಂಗ್‌ನಾಗ ಆ ಹೆಸರಿಗಷ್ಟ ಅನುಮತಿ ಹಾಕ್ರಿ. ಐ5ನಾಗ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆಗೆದು ವಿಂಡೋಸ್ ಕ್ರೆಡೆನ್ಷಿಯಲ್‌ನಾಗ 192.168.1.50, ಆ ಹೆಸರು, ಪಾಸ್‌ವರ್ಡ್ ಸೇರಿಸ್ರಿ. ಹೆಸರಿನ ಬದಲು ಐಪಿಯಿಂದ ತೆಗೀರಿ, ಡಿಎನ್‌ಎಸ್ ನಾವ ಖಾಲಿ ಬಿಟ್ಟೀವಲ್ರಿ.

ಮುದ್ರಣ_ಹಾಸನ

ತೆರೆಯಿತು ಸರ್. ನಾಳೆಯಿಂದ ವಾರ್ಷಿಕ ವರದಿಗಳ ಫೋಲ್ಡರ್ ಹಿಡಿಯುತ್ತೇನೆ, ಫಾಂಟ್ ಸಮೇತ.