ಸಹಾಯ ಬೇಕು: ಸಿಂಕ್ (ತಾನಾಗೇ ಬೀಟ್ ಹೊಂದಿಸುವ ಬಟನ್) ಇಲ್ಲದೆ ಬೀಟ್ ಹೊಂದಿಸಿದರೆ ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಜಾರುತ್ತಿದೆ

ಡಿಜೆಗಳ ಬೀಟ್‌ಮ್ಯಾಚಿಂಗ್, ಅಂದರೆ ಎರಡು ಹಾಡುಗಳ ಬೀಟ್ ಒಂದಕ್ಕೊಂದು ಕೂರಿಸುವುದರ ಬಗ್ಗೆ ಬಲ್ಲವರು ಹೇಳಿ. ಓಡುತ್ತಿರುವ ಹಾಡು 124 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್), ಮುಂದಿನದು 126. ಮುಂದಿನ ಹಾಡಿನ ಪಿಚ್ ಫೇಡರ್ (ವೇಗ ಬದಲಿಸುವ ಸ್ಲೈಡರ್) ಇಳಿಸಿದ್ದು ಸುಮಾರು ಶೇ. 1.6. ಅದನ್ನು ಹೆಡ್‌ಫೋನ್‌ನಲ್ಲಿ ಮೊದಲೇ ಕೇಳಿ ಸಿದ್ಧಮಾಡಿಕೊಂಡು (ಕ್ಯೂ ಮಾಡಿ) ಮೊದಲ ಕಿಕ್‌ಗೆ ಬಿಟ್ಟರೆ 8 ಬಾರ್ (ನಾಲ್ಕು ಬೀಟ್‌ಗೆ ಒಂದು ಬಾರ್) ಸರಿಯಾಗೇ ಕೂರುತ್ತದೆ. 32 ಬಾರ್ ಹೊತ್ತಿಗೆ ಎರಡು ಕಿಕ್ ಬೇರೆಬೇರೆ ಕೇಳಿಸುತ್ತವೆ. ಫೇಡರ್ ಶೇ. 0.1 ತಪ್ಪಿದರೂ ನಿಮಿಷಕ್ಕೆ 60 ಮಿಲಿಸೆಕೆಂಡ್ ಜಾರುತ್ತದಲ್ಲ, ಕಾರಣ ಅದೇ ಇರಬೇಕು. ಜಾಗ್ ವೀಲ್ (ಡೆಕ್ ಮೇಲಿನ ತಿರುಗುವ ಚಕ್ರ) ತಳ್ಳಿದರೆ ಆ ಕ್ಷಣಕ್ಕೆ ಸರಿಹೋಗುತ್ತದೆ ಅಷ್ಟೇ, ವೇಗ ಹಾಗೇ ಉಳಿಯುತ್ತದೆ.

ಹೊಸ ಹಾಡು ಮುಂದೆ ಓಡುತ್ತಿದೆಯೋ ಹಿಂದೆ ಬೀಳುತ್ತಿದೆಯೋ ಎಂದು ಕಿವಿಯಲ್ಲೇ ಗುರುತಿಸುವುದು ಹೇಗೆ? ಕಿಕ್ ಬಿಟ್ಟು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಸದ್ದು ಹಿಡಿಯಬೇಕೇ? ಸಿಂಕ್ ಒತ್ತಿ ಎನ್ನಬೇಡಿ, ದಯವಿಟ್ಟು. ಕೈಯಾರೆ ನುಡಿಸಿದ ಡ್ರಮ್ಸ್ ಇರುವ ಹಾಡುಗಳಲ್ಲಿ ಸಿಂಕ್ ನಂಬುವ ಬೀಟ್ ಗ್ರಿಡ್ (ಸಾಫ್ಟ್‌ವೇರ್ ಗುರುತಿಸಿದ ಬೀಟ್‌ಗಳ ಗೆರೆಗಳು) ಎಷ್ಟೋ ಸಲ ತಪ್ಪುತ್ತದೆ, ಅಲ್ಲಿ ಕಿವಿಯೇ ಬೇಕು.