ಸಹಾಯ ಬೇಕು: ಗ್ರಾಫಿಸ್ಸೋ, ಅಲೊಗ್ರಾಫಾವೋ? ಐಟಿಎಸ್ (ಶಿಲೀಂಧ್ರ ಗುರುತಿಸಲು ಓದುವ ಡಿಎನ್‌ಎ ಭಾಗ) ಕೈಕೊಡುತ್ತಿದೆ

ಕೊಡಗಿನ ಕಾಫಿ ತೋಟದ ನೆರಳುಮರಗಳ ತೊಗಟೆಯಿಂದ ತಂದ, ಬರಹದಂಥ ಕಪ್ಪು ಗೀರುಗಳಿರುವ ಕಲ್ಲುಹೂವು (ಲೈಕೆನ್). ಇದು ಗ್ರಾಫಿಸ್ ಕುಲದ್ದೋ ಅಲೊಗ್ರಾಫಾ ಕುಲದ್ದೋ ತಿಳಿಯಬೇಕಿದೆ. ಬೀಜಕಗಳು ಬಣ್ಣವಿಲ್ಲದವು, ಅಡ್ಡ ಗೋಡೆ ಮಾತ್ರ, ಅಯೋಡಿನ್‌ಗೆ ನೇರಳೆ. ಹಾಗಾಗಿ ಇಂಥದ್ದೇ ಗೀರಿನ ಬೇರೆ ಕುಲಗಳಾದ ಫಿಯೋಗ್ರಾಫಿಸ್ ಅಲ್ಲ, ಒಪೆಗ್ರಾಫಾವೂ ಅಲ್ಲ. (ಒಪೆಗ್ರಾಫಾ ನೋಡಲು ಹೀಗೇ ಇದ್ದರೂ ಆರ್ಥೋನಿಯೋಮೈಸೀಟ್ಸ್ ವರ್ಗದ್ದು, ಗೀರಿನ ಆಕಾರ ನೋಡಿ ನಂಟು ಹೇಳುವಂತಿಲ್ಲ.) ಗೀರಿನ ತುಟಿ ಪೂರ್ತಿ ಕಪ್ಪಾಗಿ ದಪ್ಪವಿರುವುದರಿಂದ, 2018ರಲ್ಲಿ ಗ್ರಾಫಿಸ್‌ನಿಂದ ಬೇರ್ಪಟ್ಟ ಅಲೊಗ್ರಾಫಾ ಇರಬಹುದೆಂಬ ಅನುಮಾನ.

ತೊಡಕು ಡಿಎನ್‌ಎಯಲ್ಲಿ. ಐಟಿಎಸ್1ಎಫ್–ಐಟಿಎಸ್4 ಪ್ರೈಮರ್ (ಯಾವ ಡಿಎನ್‌ಎ ತುಂಡು ನಕಲಾಗಬೇಕೆಂದು ಗುರುತಿಸುವ ಚಿಕ್ಕ ಎಳೆ) ಜೋಡಿಗೆ ಬ್ಯಾಂಡ್, ಅಂದರೆ ನಕಲಾದ ಡಿಎನ್‌ಎಯ ಗೆರೆ, ಚೆನ್ನಾಗಿಯೇ ಬರುತ್ತದೆ, ಆದರೆ ಸೀಕ್ವೆನ್ಸ್ ಕೀಟೋಥಿರಿಯೇಲ್ಸ್ ಎಂಬ ಕಪ್ಪು ಶಿಲೀಂಧ್ರಗಳ ಗಣಕ್ಕೆ ಹೊಂದುತ್ತದೆ. ಅಂದರೆ ಮೇಲೆ ಕೂತ ಕಪ್ಪು ಶಿಲೀಂಧ್ರವೇ ಗೆದ್ದಿದೆ. ಒಳಗಿನ ಟ್ರೆಂಟೆಪೋಲಿಯಾ ಪಾಚಿಯದು ಈ ತಪ್ಪಲ್ಲ, ಐಟಿಎಸ್1ಎಫ್ ಶಿಲೀಂಧ್ರಕ್ಕೇ ಹೊಂದಿಸಿದ್ದು. ಈಗ ಮೇಲ್ಮೈ ಕೆರೆದು, ಅಸಿಟೋನ್‌ನಲ್ಲಿ ತೊಳೆದು, ಗೀರನ್ನು ಸೀಳಿ ಒಳಗಿನ ಬೀಜಕ ಪದರ ಮಾತ್ರ ತೆಗೆಯುತ್ತಿದ್ದೇವೆ. ಸಿಗುವ ಡಿಎನ್‌ಎ ತೀರಾ ಕಡಿಮೆ. 1:10 ತೆಳು ಮಾಡಿ ಬಿಎಸ್‌ಎ (ನಕಲಿಗೆ ಅಡ್ಡಿಯಾಗುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿದರೆ ಎಂಆರ್‌ಎಸ್‌ಎಸ್‌ಯು1–ಎಂಆರ್‌ಎಸ್‌ಎಸ್‌ಯು3ಆರ್ ಜೋಡಿಗೆ (ಮೈಟೊಕಾಂಡ್ರಿಯಾದ ಎಸ್‌ಎಸ್‌ಯು ಎಂಬ ಡಿಎನ್‌ಎ ಭಾಗಕ್ಕೆ) ಮಸುಕು ಬ್ಯಾಂಡ್ ಬರುತ್ತದೆ.

ಕೇಳಬೇಕಾದ್ದು: ಇಷ್ಟು ಕಡಿಮೆ ಡಿಎನ್‌ಎಗೆ ನೇರ ಪಿಸಿಆರ್ (ಡಿಎನ್‌ಎ ಬೇರ್ಪಡಿಸದೆ ಮಾದರಿಯಿಂದಲೇ ನಕಲು ತೆಗೆಯುವುದು) ಮಾಡಿದವರಿದ್ದೀರಾ? ಮೈಟೊಕಾಂಡ್ರಿಯಾದ ಎಸ್‌ಎಸ್‌ಯು ಒಂದರಿಂದಲೇ ಈ ಎರಡು ಕುಲ ಬೇರೆಯಾಗುತ್ತವೆಯೇ, ಇಲ್ಲ ಆರ್‌ಪಿಬಿ2 ಜೀನ್ ಬೇಕೇ? ಬೇಕಾದರೆ ಈ ಕುಲಗಳಿರುವ ಗ್ರಾಫಿಡೇಸಿ ಕುಟುಂಬದಲ್ಲಿ ನಿಮಗೆ ಕೆಲಸ ಮಾಡಿದ ಪ್ರೈಮರ್ ಮತ್ತು ಅನೀಲಿಂಗ್ (ಪ್ರೈಮರ್ ಅಂಟುವ) ತಾಪಮಾನ ತಿಳಿಸಿ. ವಂಶವೃಕ್ಷಕ್ಕೆ ಹೊರಗುಂಪಾಗಿ (ಹೋಲಿಕೆಗೆಂದು ಸೇರಿಸುವ ದೂರದ ನಂಟಿನ ಗುಂಪಾಗಿ) ಏನು ಇಡುತ್ತೀರಿ ಅನ್ನುವುದನ್ನೂ ಬರೆದರೆ ಉಪಕಾರ.